ಜಿನೀವಾಕ್ಕೆ ಹೊರಟ ತೀರ್ಥಹಳ್ಳಿ ಹುಡುಗಿಗೆ

ತೀರ್ಥಹಳ್ಳಿಯ ಹುಡುಗಿಯೊಬ್ಬಳು ಕೇಳಿದ್ದಾಳೆ: "ಅಕ್ಕಾ, ಜಿನೀವಾದ ಒಂದು ಪರಿಹಾರ ಸಂಸ್ಥೆಯಲ್ಲಿ ಕೆಲಸ ಸಿಕ್ಕಿದೆ, ಜೆಂಡರ್ ವಿಭಾಗ. ಚಳಿ, ಊಟ, ಬಾಡಿಗೆ ಎಲ್ಲ ಹೇಗೆ? ಆಗಾಗ ನಿರಾಶ್ರಿತರ ಕ್ಯಾಂಪಿಗೂ ಹೋಗಬೇಕಂತೆ. ಜೆಂಡರ್ ಅಂದರೆ ಸುಮ್ನೆ ರಿಪೋರ್ಟ್ ಬರೆಯೋ ಕೆಲಸ ಅಂತ ಸೀನಿಯರ್ ಒಬ್ಬರು ಹೇಳಿದರು, ಹೌದಾ?"

ಸುಲಭದ್ದು ಮೊದಲು ಮುಗಿಸುತ್ತೇನೆ. ಜಾಕೆಟ್ ಊರಲ್ಲಿ ತಗೋಬೇಡ, ಇಲ್ಲಿ ಜಿನೀವಾದಲ್ಲೇ ತಗೋ. ಚಳಿಗಾಲದಲ್ಲಿ ಸೂರ್ಯ ವಾರಗಟ್ಟಲೆ ಕಾಣುವುದಿಲ್ಲ, ಆಗುಂಬೆ ಘಾಟಿ ಕೆಳಗೆ-ಮೇಲೆ ಓಡಾಡಿದವಳಿಗೆ ಅದೇನು ಹೊಸದಲ್ಲ. ಬಾಡಿಗೆ ಜಾಸ್ತಿ, ಮನೆ ಸಿಗುವುದು ಇನ್ನೂ ಕಷ್ಟ. ಭಾನುವಾರ ಅಂಗಡಿ ಬಾಗಿಲು ಹಾಕಿರುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿ ಗಟ್ಟಿಯಾಗಿ ಕಟ್ಟಿಸಿಕೊಂಡು ಬಾ. ತುಪ್ಪ ಬೇಡ, ಹಾಲಿನ ಪದಾರ್ಥ ಕಸ್ಟಮ್ಸ್‌ನಲ್ಲಿ ಬಿಡುವುದಿಲ್ಲ, ಅಮ್ಮ ಎಷ್ಟೇ ಒತ್ತಾಯ ಮಾಡಲಿ.

ಈಗ ಕೊನೆಯ ಪ್ರಶ್ನೆ. ನಾನು ಇದೇ ಕೆಲಸಕ್ಕೆ ಜಿನೀವಾಕ್ಕೆ ಬಂದಿದ್ದು 2005ರ ಜನವರಿಯಲ್ಲಿ. ಸುನಾಮಿ ಆಗಿ ಇನ್ನೂ ತಿಂಗಳು ತುಂಬಿರಲಿಲ್ಲ, ಆಫೀಸಿನಲ್ಲಿ ನನಗೊಂದು ಕುರ್ಚಿ ತೋರಿಸಲೂ ಯಾರಿಗೂ ಪುರುಸೊತ್ತಿರಲಿಲ್ಲ. ಕೆಲವು ವಾರ ಕಳೆದ ಮೇಲೆ ಆಕ್ಸ್‌ಫಾಮ್ ಅನ್ನುವ ಪರಿಹಾರ ಸಂಸ್ಥೆಯ ಒಂದು ವರದಿ ಕೈಗೆ ಬಂತು. ತಮಿಳುನಾಡಿನ ಕಡಲೂರಿನಲ್ಲಿ ಸತ್ತ ಹೆಂಗಸರು 391, ಗಂಡಸರು 146. ಅಲೆಗೆ ಗಂಡು-ಹೆಣ್ಣು ಗೊತ್ತಾ? ಗಂಡಸರಲ್ಲಿ ಬಹಳ ಜನ ದೋಣಿಯಲ್ಲಿ ದೂರ ಕಡಲಿನಲ್ಲಿದ್ದರು, ಅಲ್ಲಿ ಅಲೆ ಅಷ್ಟು ಎತ್ತರ ಏಳುವುದಿಲ್ಲ. ಹೆಂಗಸರು ಮೀನಿಗೆ ಕಾಯುತ್ತಾ ದಡದಲ್ಲಿದ್ದರು, ಇಲ್ಲಾ ಮನೆಯಲ್ಲಿ ಮಕ್ಕಳ ಜೊತೆ ಇದ್ದರು. ಈಜು ಬರುತ್ತಿರಲಿಲ್ಲ. ನಮ್ಮ ಹೊಳೆಯಲ್ಲೂ ಅಣ್ಣಂದಿರು ಈಜು ಕಲಿತರು, ನಮ್ಮನ್ನು ದಡದಲ್ಲಿ ಅವರ ಬಟ್ಟೆ ಕಾಯಲು ಕೂರಿಸಿದರು, ಅಲ್ವಾ? ಆ ವರದಿ ಓದಿದ ಮೇಲೆ ಇದು ಬರೀ ಕಾಗದದ ಕೆಲಸ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಕಾಗದ ರಾಶಿ ಇರುತ್ತದೆ, ಅದು ಬೇರೆ ಮಾತು.

ಕಷ್ಟ ಎಲ್ಲಿದೆ ಅಂತ ಗೊತ್ತಾಗಿದ್ದು 2017ರಲ್ಲಿ, ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನಲ್ಲಿ. ಮ್ಯಾನ್ಮಾರ್‌ನಿಂದ ರೋಹಿಂಗ್ಯಾ ಜನ ಲಕ್ಷಗಟ್ಟಲೆ ಗಡಿ ದಾಟಿ ಬಂದಿದ್ದರು. ಗುಡ್ಡ, ಕೆಸರು, ಬಿದಿರು-ಟಾರ್ಪಾಲಿನ ಗುಡಿಸಲು. ಪರಿಹಾರ ಕೆಲಸಕ್ಕೆ ಸ್ಫಿಯರ್ ಕೈಪಿಡಿ ಅಂತ ಒಂದಿದೆ, ಬರುವ ಮೊದಲೇ ಓದಿಕೋ. ತಲೆಗೆ ದಿನಕ್ಕೆ 15 ಲೀಟರ್ ನೀರು, 20 ಜನಕ್ಕೆ ಒಂದು ಶೌಚಾಲಯ, ಗಂಡಸರಿಗೆ ಒಂದಿದ್ದರೆ ಹೆಂಗಸರಿಗೆ ಮೂರು, ಒಳಗಿನಿಂದ ಚಿಲಕ, ಬೆಳಕು, ಮುಟ್ಟಿನ ಬಟ್ಟೆ ತೊಳೆದು ಒಣಗಿಸುವ ಜಾಗ ಎಲ್ಲ ಅದರಲ್ಲಿದೆ. ಆ ಕ್ಯಾಂಪಿನಲ್ಲಿ ಮೊದಮೊದಲು ಅವಸರದಲ್ಲಿ ಕಟ್ಟಿದ ಶೌಚಾಲಯಗಳಿಗೆ ಎಷ್ಟೋ ಕಡೆ ಚಿಲಕವೂ ಇಲ್ಲ, ದೀಪವೂ ಇಲ್ಲ. ಒಂದೊಂದು ಬ್ಲಾಕಿಗೆ ಮಾಝಿ ಅಂತ ಒಬ್ಬ ಮುಖ್ಯಸ್ಥ, ಹೆಚ್ಚುಕಮ್ಮಿ ಎಲ್ಲರೂ ಗಂಡಸರು. ಅವರನ್ನು ಕೂರಿಸಿ ಕೇಳಿದರೆ ಎಲ್ಲ ಚೆನ್ನಾಗಿದೆ ಅಂದರು. ಹೆಂಗಸರನ್ನು ಅದೇ ಸಭೆಗೆ ಕರೆದು ಕೇಳಿದರೂ ಅದೇ ಉತ್ತರ. ಆಮೇಲೆ ಒಂದು ಗುಡಿಸಲಿನಲ್ಲಿ ಗಂಡಸರು ಯಾರೂ ಇಲ್ಲದಾಗ ಕೂತು, ಮಗುವಿನ ಜ್ವರದಿಂದ ಶುರುವಾದ ಮಾತು ಅಲ್ಲಿ ಇಲ್ಲಿ ಸುತ್ತಿ ಬಂದ ಮೇಲೆ ಒಬ್ಬಳು ಹೇಳಿದಳು, ಮಧ್ಯಾಹ್ನದ ಮೇಲೆ ನಾವು ನೀರು ಕುಡಿಯುವುದಿಲ್ಲ ಅಂತ. ರಾತ್ರಿ ಹೊರಗೆ ಹೋಗಬೇಕಾಗುತ್ತದಲ್ಲ, ಅದಕ್ಕೆ. ಪಕ್ಕದವಳು ಊಟವನ್ನೇ ಕಡಿಮೆ ಮಾಡಿದ್ದಳು.

ಎಲ್ಲರಿಗೂ ಬಡಿಸಿ ಕೊನೆಗೆ ಕೂತ ನಮ್ಮ ಅಮ್ಮಂದಿರನ್ನು ಸಾರು ಉಳಿದಿದೆಯಾ ಅಂತ ಕೇಳಿದರೆ ಏನು ಹೇಳುತ್ತಾರೆ ಅಂತ ನಿನಗೆ ಬಿಡಿಸಿ ಹೇಳಬೇಕಾ? ಇಲ್ಲಿ ದೊಡ್ಡ ದೊಡ್ಡ ಡಿಗ್ರಿ ಮಾಡಿದವರಿಗೆ ಇದನ್ನು ವರ್ಕ್‌ಶಾಪ್ ಮಾಡಿ ಕಲಿಸಬೇಕು ಮಾರಾಯ್ತಿ. ನಿನಗೆ ಬೇಕಾಗಿಲ್ಲ. ಇದರಲ್ಲಿ ನನಗೆ ಸ್ವಲ್ಪ ಜಂಬವೂ ಇದೆ ಅನ್ನು.

ಆ ಜಂಬ ಇಳಿದಿದ್ದು 2019ರ ಆಗಸ್ಟಿನಲ್ಲಿ. ತುಂಗೆ ಶಿವಮೊಗ್ಗದೊಳಗೆ ನುಗ್ಗಿದಾಗ ಚಿಕ್ಕಮ್ಮ ಒಂದು ಶಾಲೆಯ ಗಂಜಿ ಕೇಂದ್ರದಲ್ಲಿದ್ದರು. ದಿನಾ ಫೋನ್ ಮಾಡುತ್ತಿದ್ದೆ. ಚಿತ್ರಾನ್ನ ಕೊಟ್ಟರು, ಕಂಬಳಿ ಕೊಟ್ಟರು, ಹುಡುಗರು ಪಾಪ ತುಂಬಾ ಓಡಾಡುತ್ತಿದ್ದಾರೆ, ನೀನು ಚಿಂತೆ ಮಾಡಬೇಡ ಅನ್ನುತ್ತಿದ್ದರು. ಚಿಕ್ಕಪ್ಪ ಪಕ್ಕದಲ್ಲೇ ಇರುತ್ತಿದ್ದರು, ಸ್ಪೀಕರ್ ಬೇರೆ. ಮರು ವರ್ಷ ಊರಿಗೆ ಹೋದಾಗ ತಂಗಿ, ಅಂದರೆ ಚಿಕ್ಕಮ್ಮನ ಮಗಳು, ಹೇಳಿದಳು, ಅಲ್ಲಿ ಹೆಂಗಸರ ಶೌಚಾಲಯಕ್ಕೆ ಸರಿಯಾದ ಬಾಗಿಲಿರಲಿಲ್ಲ, ಅಮ್ಮ ನೀರೇ ಮುಟ್ಟಿರಲಿಲ್ಲ, ಆಮೇಲೆ ಉರಿಮೂತ್ರಕ್ಕೆ ಔಷಧಿ ತಗೊಂಡರು. ತಂಗಿಯ ಮುಟ್ಟಿನ ಬಟ್ಟೆ ಒಣಗಿಸಲೂ ಜಾಗ ಇರಲಿಲ್ಲವಂತೆ. ಮನೆಯಲ್ಲಾದರೆ ಮಳೆಗಾಲಕ್ಕೆ ಬಚ್ಚಲೊಲೆ ಇರುತ್ತದೆ, ಶಾಲೆಯಲ್ಲಿ ಏನಿದೆ? ಕಾಕ್ಸ್ ಬಜಾರ್‌ನ ಹೆಂಗಸರ ವಿಷಯ ನಾನು ಎಷ್ಟು ಸಭೆಗಳಲ್ಲಿ ಮಾತಾಡಿದ್ದೆ. ಚಿಕ್ಕಮ್ಮನ ವಿಷಯ ನನಗೆ ತಲುಪಲು ಒಂದು ವರ್ಷ ಬೇಕಾಯಿತು. ದೂರ ಇದ್ದರೆ ಹೀಗೇ. ಸಂಬಳ, ರಜೆ ಯಾವುದೂ ಇದನ್ನು ಸರಿ ಮಾಡುವುದಿಲ್ಲ, ಬರುವ ಮೊದಲು ಇದೊಂದು ಗೊತ್ತಿರಲಿ.

ಪರಿಹಾರ ಯಾರಿಗೆ ಅಂತ ಹೆಸರು ಬರೆಯುವ ಪಟ್ಟಿಯ ವಿಷಯ ಬೇಗ ಹೇಳಿಬಿಡುತ್ತೇನೆ. ಎಷ್ಟೋ ಕಡೆ ಯಜಮಾನನ ಹೆಸರಿನಲ್ಲೇ ಕಾರ್ಡ್ ಮಾಡಲು ನೋಡುತ್ತಾರೆ. ಶರಾವತಿ ಮುಳುಗಡೆಯಲ್ಲಿ ನಮ್ಮಜ್ಜಿ ವಿಧವೆ, ಪರಿಹಾರ ಮೈದುನನ ಕೈಗೆ ಹೋಯಿತು, ಅಜ್ಜಿ ಕೊನೆಯವರೆಗೂ ಅವರ ಮನೆ ಕೊಟ್ಟಿಗೆ ಕೆಲಸ ಮಾಡಿಕೊಂಡಿದ್ದರು. ಊರು ಮುಳುಗಿಸಿದ ಆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ್ದು 1964ರಲ್ಲಿ. ಈಗಲೂ ನಾನು ಯಾವ ಕ್ಯಾಂಪಿಗೆ ಹೋದರೂ ಮೊದಲು ಕೇಳುವುದು, ಗಂಡ ಇಲ್ಲದವಳ ಹೆಸರು ಎಲ್ಲಿ ಬರೆದಿದ್ದೀರಿ ಅಂತ.

ಇನ್ನೊಂದು. ಬಜೆಟ್ ಮಾಡುವಾಗಲೇ ಹೆಣ್ಣು ದುಭಾಷಿಗೆ ದುಡ್ಡು ಇಡಿಸು. ಆಮೇಲೆ ನೋಡೋಣ ಅಂದರೆ ಒಪ್ಪಬೇಡ, ಆಮೇಲೆ ಯಾವತ್ತೂ ಬರುವುದಿಲ್ಲ. ಮಧ್ಯದಲ್ಲಿ ಗಂಡಸು ಕೂತು ಅನುವಾದ ಮಾಡಿದರೆ ನಿನಗೆ ಸಿಗುವುದು ಮಾಝಿ ಹೇಳಿದ ಉತ್ತರವೇ. ಇದಕ್ಕೆ ಜಗಳ ಆಡಬೇಕಾಗುತ್ತದೆ, ಹೊಸಬಳು ಅಂತ ಸುಮ್ಮನಿರಬೇಡ.

ಮನೆ ಸಿಗುವ ತನಕ ನಮ್ಮಲ್ಲೇ ಇರಬಹುದು. ಸಂಬಳದ ಲೆಕ್ಕ ಫೋನಿನಲ್ಲಿ ಹೇಳುತ್ತೇನೆ, ಇಲ್ಲಿ ಬೇಡ.