ಎರಡನೆಯ ಭಾಷೆಯನ್ನು ಬೇಗ ಆರಂಭಿಸಿದರೆ ಸಾಕೇ?

ಪ್ರಾಥಮಿಕ ಶಾಲೆಗಳಲ್ಲಿ ಎರಡನೆಯ ಭಾಷೆಯ ಕಲಿಕೆ ಯಾವ ದಿಕ್ಕಿನಲ್ಲಿ ಸಾಗಿದೆ ಎಂಬ ಪ್ರಶ್ನೆಗೆ ಮೊದಲು ಹೇಳಬೇಕಾದ ಮಾತೆಂದರೆ, ಆರಂಭದ ವಯಸ್ಸು ಇಳಿಯುತ್ತಾ ಬಂದಿದೆ. ದಕ್ಷಿಣ ಕೊರಿಯಾ 1997ರಲ್ಲಿ, ಚೀನಾ 2001ರಿಂದ ಹಂತಹಂತವಾಗಿ ಮೂರನೆಯ ತರಗತಿಯಲ್ಲಿ ಇಂಗ್ಲಿಷ್ ಕಲಿಸತೊಡಗಿದವು. ಜಪಾನ್ 2020ರಲ್ಲಿ ಅದನ್ನು ಐದು ಮತ್ತು ಆರನೆಯ ತರಗತಿಗಳ ಪೂರ್ಣ ಪ್ರಮಾಣದ ವಿಷಯವಾಗಿಸಿತು.

ಆದರೆ ಬೇಗ ಆರಂಭಿಸಿದವರೇ ಮುಂದಿರುತ್ತಾರೆ ಎಂಬ ನಂಬಿಕೆಯನ್ನು ಎಚ್ಚರದಿಂದ ನೋಡಬೇಕು. ಸ್ಪೇನಿನ ಬಾರ್ಸಿಲೋನಾದಲ್ಲಿ ನಡೆದ ದೀರ್ಘಾವಧಿಯ ಅಧ್ಯಯನದಲ್ಲಿ, ಸಮಾನ ಗಂಟೆಗಳ ಪಾಠ ಕೇಳಿದ ಮಕ್ಕಳ ಪೈಕಿ 8ನೆಯ ವಯಸ್ಸಿನಲ್ಲಿ ಆರಂಭಿಸಿದವರಿಗಿಂತ 11ರಲ್ಲಿ ಆರಂಭಿಸಿದವರು ವೇಗವಾಗಿ ಕಲಿತರು. ತರಗತಿಯಲ್ಲಿ ಇದು ಕಣ್ಣಿಗೇ ಕಾಣುತ್ತದೆ: ಏಳು ವರ್ಷದ ಮಗು ಹೊಸ ಭಾಷೆಯ ಹಾಡನ್ನು ಸ್ಪಷ್ಟ ಉಚ್ಚಾರದಲ್ಲಿ ಒಪ್ಪಿಸುತ್ತದೆ, ಅದರದೇ ಒಂದು ಪದವನ್ನು ಬಳಸಿ ಸ್ವಂತ ವಾಕ್ಯ ಹೇಳೆಂದರೆ ತಡವರಿಸುತ್ತದೆ. ಕಿವಿಯಿಂದ ಕಲಿಯುವ ಈ ವಯಸ್ಸಿಗೆ ವಾರದಲ್ಲಿ ಒಂದೆರಡು ಪಿರಿಯಡ್ ಏನೇನೂ ಸಾಲದು.

ಹೀಗಾಗಿಯೇ ವಿಜ್ಞಾನ, ಚಿತ್ರಕಲೆಯಂತಹ ವಿಷಯಗಳನ್ನೇ ಹೊಸ ಭಾಷೆಯಲ್ಲಿ ಕಲಿಸುವ ಕ್ರಮ, ಮುಖ್ಯವಾಗಿ ಯುರೋಪಿನಲ್ಲಿ, ಹರಡಿದೆ. ಮಗುವಿನ ಮನೆಮಾತನ್ನು ತರಗತಿಯಿಂದ ಹೊರಗಿಡದೆ, ಅದರಲ್ಲಿ ಗಳಿಸಿದ ಓದುಬರಹದ ಮೇಲೆ ಎರಡನೆಯದನ್ನು ಕಟ್ಟುವ ಪ್ರಯತ್ನಗಳು ನನಗೆ ಇನ್ನೂ ಹೆಚ್ಚು ಭರವಸೆಯವೆನಿಸುತ್ತವೆ.