ದೋಸೆ ಇರಲಿ, ಚಹಾದ ಲೆಕ್ಕ ಕೊಡಿ

ಓದುಗರ ಪತ್ರ: "ಸಂಪಾದಕರೇ, ನನಗೆ 46 ವರ್ಷ. ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇದೆ. ಬೆಳಿಗ್ಗೆ ಹತ್ತರಿಂದ ರಾತ್ರಿ ಒಂಬತ್ತೂವರೆವರೆಗೂ ಗಲ್ಲಾ ಮುಂದೆ ಕೂತಿರುತ್ತೇನೆ. ಎರಡು ವರ್ಷದ ಹಿಂದೆ ಅನ್ನ, ಸಕ್ಕರೆ, ಎಣ್ಣೆ ಪೂರ್ತಿ ಬಿಟ್ಟು, ದಿನಾ ಕುಂದವಾಡ ಕೆರೆ ಸುತ್ತಿ ಐದು ತಿಂಗಳಲ್ಲಿ 12 ಕೆಜಿ ಇಳಿಸಿದ್ದೆ. 86 ಇದ್ದವನು 74 ಆದೆ. ಆಮೇಲೆ ದುಗ್ಗಮ್ಮನ ಜಾತ್ರೆಗೆ ನೆಂಟರು ಬಂದರು. ಅಲ್ಲಿ ಹಳಿ ತಪ್ಪಿದ್ದು ಮತ್ತೆ ಸರಿಹೋಗಲೇ ಇಲ್ಲ. ಈಗ 88. ನಿಮಗೆ ಮನಸ್ಸು ಗಟ್ಟಿ ಇಲ್ಲ ಅಂತ ಮನೆಯಲ್ಲಿ ಹೇಳುತ್ತಾರೆ, ನನಗೂ ಹಾಗೇ ಅನ್ನಿಸುತ್ತೆ. ಮತ್ತೆ ಅದೇ ಡಯಟ್ ಹಿಡಿಯಲಾ? ಬೇಗ ಇಳಿಯುವ ದಾರಿ ಯಾವುದು? ಬೆಣ್ಣೆದೋಸೆ ಬಿಡಲೇಬೇಕಾ?" (ಹೆಸರು ಹಾಕಬೇಡಿ ಎಂದವರು, ದಾವಣಗೆರೆ)

ಸಂಪಾದಕರ ಉತ್ತರ:

ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಬಿಡಬೇಡಿ. ದಾವಣಗೆರೆಯಲ್ಲಿ ಇದ್ದುಕೊಂಡು, ಭಾನುವಾರ ಬೆಳಿಗ್ಗೆ ಕಾವಲಿ ಮೇಲೆ ಬೆಣ್ಣೆ ಚುರ್ ಅನ್ನುವುದು ಕೇಳಿಸಿಕೊಂಡು ಮುಖ ತಿರುಗಿಸಿ ಹೋಗುವಷ್ಟು ವೈರಾಗ್ಯ ನಿಮಗೂ ಬರಲ್ಲ, ನನಗೂ ಬರಲ್ಲ; ಬಂದರೂ ಎಷ್ಟು ದಿನ ಇದ್ದೀತು? ಅದಕ್ಕಿಂತ ಹೆಚ್ಚಾಗಿ, ನಿಮ್ಮನ್ನು 88ಕ್ಕೆ ತಂದಿದ್ದು ಆ ದೋಸೆ ಅಲ್ಲ. ಜಾತ್ರೆಯೂ ಅಲ್ಲ. ದುಗ್ಗಮ್ಮನ ಜಾತ್ರೆ ಬರುವುದೇ ಎರಡು ವರ್ಷಕ್ಕೊಮ್ಮೆ. ನಾಲ್ಕು ದಿನ ಹೋಳಿಗೆ, ಬಾಡೂಟ ಅಂತ ಉಂಡರೆ ತೂಕದ ಮಷಿನ್ ಎರಡು ಕೆಜಿ ಜಾಸ್ತಿ ತೋರಿಸಬಹುದು, ಅದರಲ್ಲೂ ಬಹುಪಾಲು ಮೈಯಲ್ಲಿ ನಿಂತ ನೀರು, ವಾರದಲ್ಲಿ ಇಳಿದುಹೋಗುತ್ತೆ. ಹದಿನಾಲ್ಕು ಕೆಜಿ ಬರಬೇಕಾದರೆ ಜಾತ್ರೆ ಮುಗಿದು, ಪೆಂಡಾಲ್ ಬಿಚ್ಚಿ, ನೆಂಟರೆಲ್ಲ ಬಸ್ ಹತ್ತಿದ ಮೇಲಿನ ಸಾದಾ ದಿನಗಳಲ್ಲಿ ಏನೋ ನಡೆದಿರಬೇಕು. ನನಗೆ ಬೇಕಾಗಿರುವುದು ಅಂಥ ಒಂದು ಸಾದಾ ಬುಧವಾರದ ಕಥೆ.

ಪುಣ್ಯಕ್ಕೆ ಅದನ್ನೂ ನೀವೇ ಬರೆದಿದ್ದೀರಿ, ಪತ್ರದ ಹಿಂಬದಿಯಲ್ಲಿ. ದೊಡ್ಡ ಗಿರಾಕಿ ಬಂದಾಗಲೆಲ್ಲ ಚಹಾ, ಅವರ ಜೊತೆ ನಿಮಗೂ ಒಂದು, ದಿನಕ್ಕೆ ಆರು, ಪ್ರತಿ ಸಲ ಎರಡು ಚಮಚ ಸಕ್ಕರೆ. ಸಂಜೆ ಐದಕ್ಕೆ ಮಂಡಕ್ಕಿ ಮೆಣಸಿನಕಾಯಿ. ರಾತ್ರಿ ಹತ್ತೂವರೆಗೆ ಊಟ, ಹನ್ನೊಂದಕ್ಕೆ ಹಾಸಿಗೆ. ಇದನ್ನು ಬರೆದು, ಕೆಳಗೆ "ಬೇರೇನೂ ತಿನ್ನುವುದಿಲ್ಲ" ಅಂತ ಸೇರಿಸಿದ್ದೀರಲ್ಲ, ಅದು ಓದಿ ನಗು ಬಂತು. ನಾನೂ ಹಾಗೇ ಹೇಳುತ್ತಿದ್ದೆ.

ನನ್ನದೂ ಇದೇ ಕಥೆ. ಪುಟ ಮುಗಿಸುವ ದಿನಗಳಲ್ಲಿ ಆಫೀಸಿನಲ್ಲಿ ಚಹಾಕ್ಕೆ ಲೆಕ್ಕ ಇರುತ್ತಿರಲಿಲ್ಲ. ಒಂದು ದಿನ ಸುಮ್ನೆ ಕುತೂಹಲಕ್ಕೆ, ಪ್ರತಿ ಚಹಾಕ್ಕೆ ಹಾಕಿಕೊಂಡಷ್ಟೇ ಸಕ್ಕರೆಯನ್ನು ಹಳೇ ಪ್ರೂಫ್ ಹಾಳೆ ಮೇಲೂ ಸುರಿಯುತ್ತಾ ಹೋದೆ. ಸಂಜೆ ಹೊತ್ತಿಗೆ 12 ಚಮಚ ಆಗಿತ್ತು. ಹಾಳೆಯ ನಡುವಿನ ಕಾಲಂ ಅರ್ಧ ಮುಚ್ಚಿಹೋಗಿತ್ತು, ಹೆಡ್ಡಿಂಗ್ ಮೇಲಿಂದ ಇರುವೆ ಸಾಲು ಇಳಿದು ಬರುತ್ತಿತ್ತು. ಹನ್ನೆರಡು ಚಮಚ ಅಂದರೆ 60 ಗ್ರಾಂ, 240 ಕ್ಯಾಲೊರಿ. ತಿಂಗಳಿಗೆ 1 ಕೆಜಿ 800 ಗ್ರಾಂ. ವರ್ಷಕ್ಕೆ ಹತ್ತಿರ ಹತ್ತಿರ 22 ಕೆಜಿ ಸಕ್ಕರೆ, ಒಬ್ಬನೇ ಮನುಷ್ಯ, ಅದೂ ಬರೀ ಚಹಾದಲ್ಲಿ! ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 25 ಗ್ರಾಂ ಒಳಗೆ ಇದ್ದರೆ ಒಳ್ಳೆಯದು ಅನ್ನುತ್ತೆ. ಈಗ ನಿಮ್ಮ ಭಾನುವಾರದ ದೋಸೆಗೆ ಬನ್ನಿ. ಅದರ ಮೇಲೆ 20 ಗ್ರಾಂ ಬೆಣ್ಣೆ ಹಾಕಿದರು ಅಂತಿಟ್ಟುಕೊಳ್ಳಿ, ಬೆಣ್ಣೆಯ ಪಾಲು ಸುಮಾರು 145 ಕ್ಯಾಲೊರಿ, ವಾರಕ್ಕೊಂದು ಸಲ. ಚಹಾದ ಸಕ್ಕರೆ ವಾರಕ್ಕೆ 1,680. ಯಾರು ಕಳ್ಳ, ಯಾರು ಸಾವುಕಾರ ಅಂತ ಅಂಗಡಿ ನಡೆಸುವ ನಿಮಗೆ ನಾನು ಹೇಳಬೇಕಾಗಿಲ್ಲ.

ಚಹಾ ಬಿಡಿ ಅನ್ನುತ್ತಿಲ್ಲ. ನಾನೂ ಬಿಟ್ಟಿಲ್ಲ. ಎರಡು ಚಮಚ ಇದ್ದದ್ದನ್ನು ಒಂದೂವರೆ ಮಾಡಿದೆ, ಮೂರು ವಾರ ಚಪ್ಪೆ ಅನ್ನಿಸಿತು, ಆಮೇಲೆ ನಾಲಿಗೆ ಒಗ್ಗಿತು, ಆಮೇಲೆ ಒಂದು, ಆಮೇಲೆ ಅರ್ಧ. ಅರ್ಧಕ್ಕೆ ಬರಲು ನಾಲ್ಕು ತಿಂಗಳು ಹಿಡಿಯಿತು. ಗಿರಾಕಿ ಜೊತೆ ಕುಡಿಯದಿದ್ದರೆ ಮರ್ಯಾದೆ ಇರಲ್ಲ ಅನ್ನುತ್ತೀರಿ, ಒಪ್ಪಿದೆ. ಹಾಗಿದ್ದರೆ ಬೈ ಟು ಹೇಳಿ. ನಿಮ್ಮ ಲೋಟದಲ್ಲಿ ಎಷ್ಟಿದೆ ಅಂತ ಸೀರೆ ನೋಡಲು ಬಂದವರು ಬಗ್ಗಿ ನೋಡುವುದಿಲ್ಲ.

ಈಗ ನೀವು ಕ್ಯಾಲ್ಕುಲೇಟರ್ ತೆಗೆಯುತ್ತೀರಿ, ಗೊತ್ತು. ಒಂದು ಕೆಜಿ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ, ದಿನಕ್ಕೆ 200 ಉಳಿಸಿದರೆ ವರ್ಷಕ್ಕೆ ಒಂಬತ್ತೂವರೆ ಕೆಜಿ! ಕಾಗದದ ಮೇಲೆ ಹೌದು. ದೇಹ ಹಾಗೆ ಲೆಕ್ಕ ಪಾಲಿಸಲ್ಲ. ತೂಕ ಇಳಿದಂತೆ ಅದು ಖರ್ಚು ಕಡಿಮೆ ಮಾಡುತ್ತೆ, ಹಸಿವು ಜಾಸ್ತಿ ಮಾಡುತ್ತೆ, ಕೊನೆಗೆ ಸಿಗುವುದು ಅದರ ಅರ್ಧ ಅಥವಾ ಇನ್ನೂ ಕಡಿಮೆ. ಚಹಾ ಒಂದರಿಂದಲೇ ಅಲ್ಲ, ಇನ್ನೂ ಒಂದೆರಡು ಬದಲಾವಣೆ ಸೇರಿ, ನನಗೆ ಒಂದೂವರೆ ವರ್ಷದಲ್ಲಿ ಇಳಿದಿದ್ದು ಆರೇ ಕೆಜಿ. ಯಾರೂ "ಏನ್ರೀ ಸಣ್ಣ ಆಗಿದ್ದೀರಿ" ಅಂತ ಕೇಳಲಿಲ್ಲ, ಸ್ವಲ್ಪ ಬೇಜಾರೂ ಆಯಿತು. ಆದರೆ ಆ ಆರು ಕೆಜಿ ನಾಲ್ಕು ವರ್ಷದಿಂದ ವಾಪಸ್ ಬಂದಿಲ್ಲ. ಅದಕ್ಕೂ ಮುಂಚೆ ನಾನು ಒಂದು ಜಿಮ್‌ಗೆ ವರ್ಷದ ಫೀಸು ಒಟ್ಟಿಗೇ ಕಟ್ಟಿ ಹದಿನೇಳು ದಿನ ಹೋಗಿದ್ದವನು. ಆ ಶೂ ಇನ್ನೂ ಕಾರಿನ ಡಿಕ್ಕಿಯಲ್ಲಿದೆ, ಹೊಸದರ ಹಾಗೇ.

ಮನಸ್ಸು ಗಟ್ಟಿ ಇಲ್ಲ ಅನ್ನುವ ಮಾತು ಮಾತ್ರ ದಯವಿಟ್ಟು ತೆಗೆದುಹಾಕಿ. ಐದು ತಿಂಗಳು ಅನ್ನ ಮುಟ್ಟದವರ ಮನಸ್ಸು ಗಟ್ಟಿ ಇಲ್ಲದೆ ಇರುತ್ತಾ? ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 50 ಜನರನ್ನು ಹತ್ತು ವಾರ ತೀರಾ ಕಡಿಮೆ ಊಟದ ಮೇಲೆ ಇಟ್ಟು ತೂಕ ಇಳಿಸಿದರು. ಅದರ ವರದಿ 2011ರಲ್ಲಿ ಬಂತು. ಹಸಿವು ಏರಿಸುವ ಹಾರ್ಮೋನು ಜಾಸ್ತಿ, ಹೊಟ್ಟೆ ತುಂಬಿತು ಅನ್ನುವ ಹಾರ್ಮೋನುಗಳು ಕಡಿಮೆ ಆಗಿದ್ದವು, ಸರಿ, ಅದು ನಿರೀಕ್ಷೆ ಮಾಡಿದ್ದೇ. ಆದರೆ ಒಂದು ವರ್ಷ ಕಳೆದ ಮೇಲೆ ನೋಡಿದರೂ ಅವು ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ. ಅಂದರೆ ನೀವು ಜಾತ್ರೆ ಊಟಕ್ಕೆ ಕೂತಾಗ ನಿಮ್ಮ ಹೊಟ್ಟೆ ಐದು ತಿಂಗಳ ಬಾಕಿ ವಸೂಲಿಗೆ ಕೂತಿತ್ತು. ಇನ್ನೊಂದು ವಿಷಯ, ಆ ಡಯಟ್‌ನಲ್ಲಿ ನೀವು ಮನಸ್ಸಿನಲ್ಲೇ ದಿನ ಎಣಿಸುತ್ತಿದ್ದಿರಿ ಅಲ್ವಾ? ಯಾವಾಗ ಮುಗಿಯುತ್ತೆ ಅಂತ ಕಾಯುವ ಊಟ ಮುಗಿದೇ ಮುಗಿಯುತ್ತೆ. ಮುಗಿದ ಮೇಲೆ ಏನು ಅನ್ನುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅದಕ್ಕೇ ಮತ್ತೆ ಅದನ್ನೇ ಹಿಡಿಯಬೇಡಿ ಅನ್ನುತ್ತಿದ್ದೇನೆ.

ಇಳಿಸಿ, ಹಾಗೇ ಉಳಿಸಿಕೊಂಡವರೂ ಇದ್ದಾರೆ. ಅಮೆರಿಕದಲ್ಲಿ 1994ರಿಂದ ಅಂಥವರದೇ ಒಂದು ನೋಂದಣಿ ಇದೆ. ಕನಿಷ್ಠ 13.6 ಕೆಜಿ ಇಳಿಸಿ ಒಂದು ವರ್ಷ ಹಾಗೇ ಇದ್ದವರಿಗೆ ಮಾತ್ರ ಅದರಲ್ಲಿ ಜಾಗ, ಹತ್ತು ಸಾವಿರಕ್ಕೂ ಜಾಸ್ತಿ ಜನ ಸೇರಿದ್ದಾರೆ. ಅವರಲ್ಲಿ ಒಬ್ಬೊಬ್ಬರು ಇಳಿಸಿದ ರೀತಿ ಒಂದೊಂದು, ಉಳಿಸಿಕೊಂಡ ರೀತಿಯಲ್ಲಿ ಮಾತ್ರ ಹೋಲಿಕೆ ಇದೆ: ಹೆಚ್ಚಿನವರು ಬೆಳಿಗ್ಗೆ ತಿಂಡಿ ಬಿಡುವುದಿಲ್ಲ, ನಾಲ್ವರಲ್ಲಿ ಮೂವರು ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುತ್ತಾರೆ, ಹತ್ತರಲ್ಲಿ ಒಂಬತ್ತು ಮಂದಿ ದಿನಕ್ಕೆ ಸರಾಸರಿ ಒಂದು ಗಂಟೆ ಮೈ ದಂಡಿಸುತ್ತಾರೆ, ಅದೂ ಬಹುತೇಕರದ್ದು ನಡಿಗೆ. ವಾರವಿಡೀ ಹೆಚ್ಚುಕಮ್ಮಿ ಒಂದೇ ಥರ ಉಣ್ಣುವವರು, ಆರು ದಿನ ಉಪವಾಸ ಇದ್ದು ಏಳನೇ ದಿನ ಬಾರಿಸುವವರಿಗಿಂತ ಚೆನ್ನಾಗಿ ಉಳಿಸಿಕೊಂಡಿದ್ದಾರೆ. ಹಾಗಾಗಿ ಭಾನುವಾರದ ದೋಸೆ ಅಂದರೆ ಒಂದು ದೋಸೆ. ನಾಲ್ಕಲ್ಲ. ನಾನು ಅನುಮತಿ ಕೊಟ್ಟೆ ಅಂತ ಹೋಟೆಲಿನಲ್ಲಿ ಹೇಳಬೇಡಿ.

ನಡಿಗೆ ಅಂದೆ. ಕುಂದವಾಡ ಕೆರೆ ಏರಿ ಮೇಲೆ ಬೆಳಿಗ್ಗೆ ಆರು ಗಂಟೆಗೆ ಹೋದರೆ ಅರ್ಧ ಊರೇ ಸಿಗುತ್ತೆ. ಸುತ್ತು ಹೊಡೆದು, ಅಲ್ಲಿಂದ ನೇರ ಹೋಟೆಲಿಗೆ ಹೋಗಿ ವಡೆ, ದೋಸೆ, ಮೇಲೊಂದು ಚಹಾ ಮುಗಿಸಿ "ವಾಕಿಂಗ್ ಮಾಡಿದರೂ ಇಳಿಯುತ್ತಿಲ್ಲ ಮಾರಾಯ್ರೇ" ಅನ್ನುವವರು ನನಗೇ ನಾಲ್ಕೈದು ಜನ ಗೊತ್ತು. ನಿಮ್ಮ ತೂಕದವರು ಮುಕ್ಕಾಲು ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು ಸುಮಾರು 200 ಕ್ಯಾಲೊರಿ, ಅದು ಒಂದೇ ತಟ್ಟೆಯಲ್ಲಿ ವಾಪಸ್. ಬರೀ ನಡೆದು ಇಳಿಸುವುದು ಕಷ್ಟ. ಆದರೆ ಇಳಿದಿದ್ದನ್ನು ಹಿಡಿದಿಡಲು ನಡಿಗೆಯಷ್ಟು ಉಪಕಾರಿ ಬೇರೆ ಇಲ್ಲ, ಶುಗರ್, ಬಿಪಿ, ನಿದ್ದೆ ಇವಕ್ಕೆ ಆಗುವ ಲಾಭ ಬೇರೆ. ಬೆಳಿಗ್ಗೆ ಆಗದಿದ್ದರೆ ಅಂಗಡಿಯಲ್ಲೇ ಎದ್ದು ಓಡಾಡಿ. ಮೇಲಿನ ರ‍್ಯಾಕಿನ ಥಾನು ಇಳಿಸಲು ಹುಡುಗರನ್ನೇ ಕೂಗುತ್ತೀರಿ. ದಿನಕ್ಕೆ ಹತ್ತು ಥಾನು ನೀವೇ ಇಳಿಸಿ. ಹುಡುಗರು ಗಾಬರಿಯಾದಾರು, ಆಗಲಿ.

ಊಟದ ವಿಷಯಕ್ಕೆ ಬಂದರೆ, ನಿಮ್ಮ ಹಳೇ ಡಯಟ್ ಮುರಿದುಬೀಳಲು ಇನ್ನೊಂದು ಕಾರಣ ನಿಮ್ಮ ಪತ್ರದಲ್ಲೇ ಇದೆ, ನೀವು ಗಮನಿಸಿದಂತಿಲ್ಲ. "ಮನೆಯಲ್ಲಿ ನನಗೆ ಬೇರೆ ಅಡುಗೆ ಮಾಡುತ್ತಿದ್ದರು" ಅಂತ ಬರೆದಿದ್ದೀರಿ. ಐದು ತಿಂಗಳು ಎರಡು ಒಲೆ, ಎರಡು ಥರದ ಪಲ್ಯ! ಜಾತ್ರೆಗೆ ಮನೆ ತುಂಬ ನೆಂಟರು ಬಂದಾಗ ಆ ಎರಡನೇ ಅಡುಗೆ ನಿಂತಿರುತ್ತೆ, ನಿಲ್ಲಲೇಬೇಕು, ಆಕೆಯೂ ಮನುಷ್ಯಳೇ. ನಿಮ್ಮ ತೂಕ ವಾಪಸ್ ಬರಲು ಶುರುವಾಗಿದ್ದು ಅಲ್ಲಿಂದ ಅಂತ ನನ್ನ ಅನುಮಾನ. ಈ ಸಲ ಮನೆಗೆಲ್ಲ ಒಂದೇ ಅಡುಗೆ ಇರಲಿ. ಬದಲಾವಣೆ ಎಲ್ಲರ ತಟ್ಟೆಯಲ್ಲೂ ಆಗಲಿ. ಎಣ್ಣೆಯಿಂದ ಶುರು ಮಾಡಿ: ನಾಲ್ಕು ಜನರ ಮನೆಗೆ ತಿಂಗಳಿಗೆ ಐದು ಲೀಟರಿನ ಕ್ಯಾನ್ ಖಾಲಿಯಾಗುತ್ತಿದ್ದರೆ ತಲೆಗೆ ದಿನಕ್ಕೆ 40 ಎಂಎಲ್ ಮೇಲೆ ಬಿತ್ತು. ಕೂತು ಕೆಲಸ ಮಾಡುವವರಿಗೆ 25ರಿಂದ 30 ಗ್ರಾಂ ಸಾಕು. ಹಾಗಾಗಿ ಆ ಕ್ಯಾನ್ ನಲವತ್ತು ದಿನಕ್ಕೆ ಬರುವಂತೆ ನೋಡಿಕೊಳ್ಳಿ. ಅಡುಗೆ ಮನೆಗೆ ಹೋಗಿ ಉಪದೇಶ ಮಾಡಬೇಡಿ ಅಷ್ಟೇ, ಲಟ್ಟಣಿಗೆ ಬಿಸಿಲಲ್ಲಿ ಒಣಗಿ ಗಟ್ಟಿಯಾಗಿರುತ್ತೆ.

ಅನ್ನ ಬಿಡಬೇಡಿ. ಜೋಳದ ರೊಟ್ಟಿ ಒಳ್ಳೆಯದೇ, ಆದರೆ ರೊಟ್ಟಿ ಉಂಡ ಮೇಲೆ ಮೂರು ಸಲ ಅನ್ನ ಬಡಿಸಿಕೊಳ್ಳುವುದು ಯಾವ ಲೆಕ್ಕ? ಅನ್ನದ ಬದಲು ನವಣೆ ಹಿಡಿದವರೂ ಅಷ್ಟೇ. ನಾರು ಜಾಸ್ತಿ ಇರುತ್ತೆ, ನಿಜ, ಆದರೆ ತೂಕಕ್ಕೆ ತೂಕ ಇಟ್ಟರೆ ನವಣೆಯಲ್ಲೂ ಅಕ್ಕಿಯಷ್ಟೇ ಕ್ಯಾಲೊರಿ. ಸಿರಿಧಾನ್ಯ ಅಂತ ಪಾತ್ರೆಗಟ್ಟಲೆ ಉಂಡರೆ ಸಿರಿ ಹೊಟ್ಟೆಗೇ ಬರುತ್ತೆ. ಮೊದಲು ಕಾಳಿನ ಪಲ್ಯ, ಸೊಪ್ಪು, ಮೊಸರು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ. ಇವು ಹೊಟ್ಟೆಯಲ್ಲಿ ನಿಲ್ಲುತ್ತವೆ. ಆಮೇಲೆ ಅನ್ನ ಒಂದು ಸಲ. ಮಂಡಕ್ಕಿ ಪಾಪದ್ದು, ಅರ್ಧ ಗಾಳಿ. ತೊಂದರೆ ಅದರ ಪಕ್ಕದ ಮೆಣಸಿನಕಾಯಿ ಬಜ್ಜಿ, ಅದರೊಳಗಿನ ಎಣ್ಣೆ. ವಾರಕ್ಕೆ ಆರು ದಿನದ ಬಜ್ಜಿ ಎರಡು ದಿನಕ್ಕೆ ಬರಲಿ, ಉಳಿದ ದಿನ ಮಂಡಕ್ಕಿಗೆ ಈರುಳ್ಳಿ, ಟೊಮೆಟೊ, ಒಂದು ಮುಷ್ಟಿ ಶೇಂಗಾ ಸಾಕು.

ರಾತ್ರಿ ಹತ್ತೂವರೆಯ ಊಟ ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಕೊಟ್ಟಿದ್ದು. ಅಂಗಡಿ ಬೇಗ ಮುಚ್ಚಿ ಅನ್ನಲಾರೆ. ಆದರೆ ಏಳೂವರೆಗೆ ಮನೆಯಿಂದ ಡಬ್ಬಿ ತರಿಸಬಹುದಲ್ಲ? ಎರಡು ರೊಟ್ಟಿ, ಪಲ್ಯ, ಒಳಗೆ ಗೋಡೌನಿನಲ್ಲಿ ಕೂತು ಹತ್ತು ನಿಮಿಷ. ಮನೆಗೆ ಹೋದ ಮೇಲೆ ಒಂದು ಲೋಟ ಮಜ್ಜಿಗೆ. ನಾನು ಮಾಡಿದ್ದು ಇದನ್ನೇ, ಹಾಸಿಗೆಗೆ ಹೋದಾಗ ಎದೆ ಉರಿ ನಿಂತಿದ್ದು ಮೊದಲ ಬೋನಸ್ಸು. ಒಂದು ಎಚ್ಚರಿಕೆ: ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಊಟದ ಹೊತ್ತು ಬದಲಿಸುವ ಮುಂಚೆ ಡಾಕ್ಟರನ್ನು ಕೇಳಿ, ಸಕ್ಕರೆ ದಿಢೀರ್ ಇಳಿದರೆ ಅಪಾಯ.

ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ ನೀವು ಕೇಳಿಲ್ಲ, ಬೇರೆ ಇಬ್ಬರು ಓದುಗರು ಕೇಳಿದ್ದಾರೆ, ಇಲ್ಲೇ ಹೇಳಿಬಿಡುತ್ತೇನೆ. ಮೌಂಜಾರೋ ಅನ್ನುವ ಅಂಥ ಒಂದು ಇಂಜೆಕ್ಷನ್ 2025ರ ಮಾರ್ಚಿನಲ್ಲಿ ನಮ್ಮ ದೇಶಕ್ಕೂ ಬಂತು. ಇಂಥ ಔಷಧಿಗಳಿಂದ ತೂಕ ಇಳಿಯುತ್ತೆ, ಸುಳ್ಳಲ್ಲ. ಆದರೆ ಇದೇ ಜಾತಿಯ ಸೆಮಾಗ್ಲುಟೈಡ್ ಅನ್ನುವ ಔಷಧಿ ನಿಲ್ಲಿಸಿದವರಿಗೆ ಒಂದೇ ವರ್ಷದಲ್ಲಿ, ಇಳಿದಿದ್ದರ ಮೂರರಲ್ಲಿ ಎರಡು ಪಾಲು ವಾಪಸ್ ಬಂದಿದೆ. ಯಾರಿಗೆ ಬೇಕು ಅನ್ನುವುದನ್ನು ಡಾಕ್ಟರ್ ಹೇಳಬೇಕು, ಪಕ್ಕದ ಅಂಗಡಿಯವರಲ್ಲ.

ಬೇಗ ಇಳಿಯುವ ದಾರಿ ಯಾವುದು ಅಂದಿರಿ. ನೀವು ಅದನ್ನು ಒಮ್ಮೆ ಹೋಗಿ ಬಂದಿದ್ದೀರಿ. 74 ಮರೆತುಬಿಡಿ, ಮುಂದಿನ ಒಂದು ವರ್ಷಕ್ಕೆ 82 ಸಾಕು. ಕಡಿಮೆ ಅನ್ನಿಸಿದರೆ ಚೆನ್ನೈನ ಈ ಕಥೆ ಕೇಳಿ: ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಜನರ ಮೇಲೆ ನಡೆದ ಅಧ್ಯಯನ, 2006ರಲ್ಲಿ ಪ್ರಕಟವಾಯಿತು. ನಡಿಗೆ, ಊಟ ಬದಲಿಸಿಕೊಂಡವರಲ್ಲಿ ಕಾಯಿಲೆ ಬರುವುದು ಶೇ 28.5ರಷ್ಟು ಕಡಿಮೆಯಾಯಿತು, ಅವರ ತೂಕ ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು. ತೂಕದ ಮಷಿನ್ ಎಲ್ಲವನ್ನೂ ಹೇಳಲ್ಲ, ಅಲ್ವಾ? ಅದಕ್ಕೇ ನಿಮಗೆ ಬೇರೆ ಸಾಮಾನು ಹೇಳುತ್ತೇನೆ. ನಿಮ್ಮ ಕೌಂಟರ್ ಮೇಲೇ ಬಿದ್ದಿರುತ್ತೆ, ಟೇಪು. ನಮ್ಮ ಕಡೆಯ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್ ದಾಟಬಾರದು, ಹೆಂಗಸರಿಗೆ 80. ಪ್ಯಾಂಟಿನ ಸೈಜು ನೋಡಿ ಹೇಳಬೇಡಿ, ಹೊಟ್ಟೆ ಕೆಳಗೆ ಕಟ್ಟುವ ಪ್ಯಾಂಟು ಯಾವತ್ತೂ ಸುಳ್ಳೇ ಹೇಳುತ್ತೆ. ಸೋಮವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು, ಹುಡುಗರು ಬರುವ ಮುಂಚೆ, ಉಸಿರು ಬಿಟ್ಟು, ಹೊಕ್ಕಳ ಮಟ್ಟಕ್ಕೆ ಟೇಪು ಸುತ್ತಿ, ಬಂದ ಅಂಕಿಯನ್ನು ಬಿಲ್ ಪುಸ್ತಕದ ಹಿಂದೆ ಬರೆದಿಡಿ. ಮೂರು ತಿಂಗಳಾದ ಮೇಲೆ ಅದೇ ಟೇಪಿನಲ್ಲಿ ಇನ್ನೊಮ್ಮೆ. ಎರಡೂ ಅಂಕಿ ನನಗೆ ಬರೆದು ಕಳಿಸಿ, ಪ್ರಕಟಿಸುವುದಿಲ್ಲ. ಮತ್ತೆ ಪತ್ರದ ಜೊತೆ ಈ ಸಲ ಕಳಿಸಿದ ಹಾಗೆ ಖಾರ ಮಂಡಕ್ಕಿ ಕಳಿಸಬೇಡಿ, ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಆಫೀಸಿನವರು ಪೊಟ್ಟಣ ಖಾಲಿ ಮಾಡಿದ್ದರು.