ಕೆರೆ ವಾಲಂಟಿಯರ್‌ಗಳು ಮೂರನೇ ವಾರಕ್ಕೆ ಬರೋದು ನಿಲ್ಲಿಸ್ತಿದ್ದಾರೆ: ಪ್ರತಿಕ್ರಿಯೆ

ನಿಮ್ಮ ಕೆರೇಲಿ ಹಕ್ಕಿ ನೋಡೋ ವಾಕ್‌ಗೆ ಮೊದಲ ಭಾನುವಾರ 30 ವಾಲಂಟಿಯರ್‌ಗಳು ಬಂದ್ರು, ಮೂರನೇ ವಾರಕ್ಕೆ 6 ಜನ ಮಾತ್ರ ಅಂತ ಬರ್ದಿದ್ರಲ್ಲ, ಬಹುಶಃ ಕಾರಣ ಆಸಕ್ತಿ ಕಮ್ಮಿ ಆಗಿದ್ದಲ್ಲ, ಒಂದೇ ದಿನಕ್ಕೆ 40 ಹಕ್ಕಿ ಹೆಸರು ಹೇಳಿ ಕಳಿಸಿದ್ರೆ ದೊಡ್ಡವರಿಗೆ ಇದು ನಮ್ಮ ಕೈಲಾಗಲ್ಲ ಅನ್ಸತ್ತೆ, ಜೊತೆಗೆ ಅವರದ್ದು ಅಂತ ಒಂದು ಕೆಲಸಾನೂ ಇರಲ್ಲ. ನಮ್ಮ ಕೆರೇಲೂ ಹೀಗೇ ಆಗಿತ್ತು.

ಮೊದಲ ತಿಂಗಳು ಹತ್ತೇ ಹಕ್ಕಿ ಸಾಕು. ಗುಳುಮುಳುಕ, ನಾಮದ ಕೋಳಿ, ನೀರುಕಾಗೆ, ಬೆಳ್ಳಕ್ಕಿ, ಮಿಂಚುಳ್ಳಿ, ಇಂಥವು. ಆಮೇಲೆ ಐದೈದು ಜನರ ಗುಂಪು ಮಾಡಿ ಏರಿ ಮೇಲೆ ಒಂದೊಂದು ಗುಂಪಿಗೆ ಒಂದೊಂದು ಜಾಗ ಕೊಡಿ, ಪ್ರತಿ ವಾರ ಅದೇ ಜಾಗದಲ್ಲಿ 15 ನಿಮಿಷ ನಿಂತು ಎಣಿಸಿ ಇಬರ್ಡ್‌ಗೆ (ನೋಡಿದ ಹಕ್ಕಿಗಳ ಪಟ್ಟಿ ದಾಖಲಿಸೋ ಆ್ಯಪ್) ಹಾಕ್ಲಿ, ಅಪರೂಪದ್ದು ಮಾತ್ರ ಅಲ್ಲ, ಗುರುತು ಸಿಕ್ಕಿದ್ದೆಲ್ಲ ಹಾಕ್ಬೇಕು, ಕಾಗೆನೂ. ಗೊತ್ತಾಗದ ಗಿಡ, ಹುಳದ ಫೋಟೋ ಐನ್ಯಾಚುರಲಿಸ್ಟ್ ಅನ್ನೋ ಆ್ಯಪ್‌ಗೆ ಹಾಕಿದ್ರೆ ಬೇರೆಯವರು ಗುರುತಿಸೋಕೆ ಸಹಾಯ ಮಾಡ್ತಾರೆ.

ಮಂಡಿನೋವು ಇರೋ ಹಿರಿಯರನ್ನ ಬಿಡ್ಬೇಡಿ ದಯವಿಟ್ಟು. ಅವರ ಮನೆ ಮುಂದಿನ ಹೊಂಗೆ ಮರಾನ ಸೀಸನ್‌ವಾಚ್‌ನಲ್ಲಿ (ಜನರೇ ಮರಗಳ ಋತುಬದಲಾವಣೆ ದಾಖಲಿಸೋ ಯೋಜನೆ) ಸೇರಿಸಿ ವಾರಕ್ಕೊಮ್ಮೆ ಚಿಗುರು, ಹೂವು, ಕಾಯಿ ನೋಡಿ ಬರ್ದ್ರೆ ಆಯ್ತು.

ಜೊಂಡು ಕೀಳೋ ಶ್ರಮದಾನ ಮಾತ್ರ ಈಗ್ಲೇ ಬೇಡ, ಅದರೊಳಗೇ ಗೂಡು ಕಟ್ಟೋ ಹಕ್ಕಿಗಳಿವೆ, ಮೊದಲು ಒಂದು ವರ್ಷ ಎಣಿಸಿ ನೋಡಿ. ಕೆರೆ ಯಾವ ಇಲಾಖೆಗೆ ಸೇರಿದ್ದು ಅಂತ ನೀವು ಬರ್ದಿಲ್ಲ, ಅವರಿಂದ ಪರ್ಮಿಷನ್ ಪತ್ರ ಮೊದ್ಲೇ ತಗೊಳ್ಳಿ. ಮೂರನೇ ತಿಂಗಳಿಂದ ವಾಕ್ ನಡ್ಸೋದು ವಾಲಂಟಿಯರ್‌ಗಳೇ ಆಗ್ಲಿ, ನೀವು ಹಿಂದೆ ನಡೀರಿ.